ತಾಳಿಯ ವಿನಾಯಿತಿ ರದ್ದು

ದಿವಾಳಿಯಾದವರ ಆಸ್ತಿಯನ್ನು ಹರಾಜು ಹಾಕುವ ಮಾನ್ಯ ಅಧಿಕಾರಿಗಳೇ,

ನನ್ನ ಕೊರಳಿನ ತಾಳಿಯನ್ನು ಹದಿನೈದು ದಿನಗಳೊಳಗೆ ಕಚೇರಿಗೆ ತಂದೊಪ್ಪಿಸಬೇಕೆಂಬ ನಿಮ್ಮ ನೋಟೀಸು ತಲುಪಿದೆ. ಕಾರಣವನ್ನೂ ಬರೆದಿದ್ದೀರಿ: ‘ಪತಿ ಮರಣ ಹೊಂದಿರುವುದರಿಂದ ಸದರಿ ಆಭರಣ ಧರಿಸುವ ಧಾರ್ಮಿಕ ಅಗತ್ಯ ಉಳಿದಿರುವುದಿಲ್ಲ.’ ಗಂಡ ಸತ್ತಿದ್ದು ನನಗೆ ಗೊತ್ತಿತ್ತು. ಆದರೂ ತಿಳಿಸಿದ್ದಕ್ಕೆ ಧನ್ಯವಾದ.

ವಾಳಪೈ ಪೇಟೆಯಲ್ಲಿ ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ಅದು ಮುಳುಗಿದಾಗ, ಸಾಲಪತ್ರಕ್ಕೆ ಇಬ್ಬರದೂ ಸಹಿ ಇದ್ದುದರಿಂದ, ಗಂಡ ಹೆಂಡತಿ ಜಂಟಿಯಾಗಿ ದಿವಾಳಿ ಅರ್ಜಿ ಹಾಕಿದೆವು. ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ತಾಳಿ, ಇಷ್ಟಕ್ಕೆ ವಿನಾಯಿತಿ ಕೇಳಿದೆವು. ನೀವು ಪಾತ್ರೆಗಳ ತಳ ತಿರುವಿ ನೋಡಿ ಪಾಲು ಮಾಡಿದಿರಿ: ಮಸಿ ಹಿಡಿದದ್ದು ನಮಗೆ, ಹೊಳೆಯುವುದು ಹರಾಜಿಗೆ. ಆಮೇಲೆ ಕಚೇರಿಯಲ್ಲಿ ತಾಳಿಯ ತೂಕ ಕೇಳಿದಾಗ ನಮ್ಮ ಮನೆಯವರು, ಬಸಲಿಂಗಪ್ಪನವರು, “ತೂಕ ಯಾಕ್ರೀ ಸಾಹೇಬ್ರ, ಅದೇನು ಮಾರೂದಲ್ಲ” ಎಂದರು. ನೀವು ನಕ್ಕು ಪಟ್ಟಿಯ ಹನ್ನೊಂದನೇ ಸಾಲಿನಲ್ಲಿ ‘ವಿನಾಯಿತಿ’ ಎಂದು ಬರೆದಿರಿ. ಊರಿಗೆ ಮರಳುವ ಬಸ್ಸಿನಲ್ಲಿ ಅವರ ಸಂಭ್ರಮ ನೋಡಬೇಕಿತ್ತು! “ಅಂಗಡಿ ಹೋತು, ಹೋಗ್ಲಿ ಬಿಡು. ನಿನ್ನ ಕೊಳ್ಳಾಗಿಂದು ಸರಕಾರದ ಅಪ್ಪ ಬಂದ್ರೂ ಮುಟ್ಟಾಂಗಿಲ್ಲ.”

ನಲವತ್ತು ದಿನಕ್ಕೆ ಎದೆನೋವಿನಿಂದ ತೀರಿಕೊಂಡರು. ನಿಮ್ಮ ಅನುಮತಿ ಕೇಳಲಿಲ್ಲ, ಕ್ಷಮಿಸಿ. ಮರಣಪತ್ರವನ್ನು ನಿಮ್ಮ ಮೇಜಿನ ಮೇಲೆ ತಂದಿಟ್ಟವಳು ನಾನೇ. ಅವರ ಹೆಸರು ಹೊಡೆದುಹಾಕಿ ಸುಮ್ಮನಾಗುತ್ತೀರಿ ಎಂದುಕೊಂಡಿದ್ದೆ, ಎಂಥ ದಡ್ಡಿ ನಾನು.

ಮಣ್ಣು ಮಾಡಿ ಬಂದ ದಿನ ಅವರ ಅಕ್ಕ ಸಾವಂತ್ರೆವ್ವ ಪದ್ಧತಿಯಂತೆ ನನ್ನ ತಾಳಿ ತೆಗೆಯಲು ಬಂದಳು. ಕೈ ಹಿಡಿದುಕೊಂಡೆ. “ಬ್ಯಾಡ್ರಿ ಅಕ್ಕಾರ. ಕಟ್ಟಿದವ್ರು ಅವ್ರು, ಬಿಚ್ಚಿದ್ರ ಅವ್ರ ಬಿಚ್ಚಬೇಕು.” ಇಪ್ಪತ್ತೆರಡನೇ ವಯಸ್ಸಿಗೇ ತನ್ನ ತಾಳಿ ಕಳೆದುಕೊಂಡ ಮುದುಕಿ ಅತ್ತುಬಿಟ್ಟಳು. “ಇರ್ಲಿ ಬಿಡವಾ. ನಿನ್ನ ಜೀವಕ್ಕ ಸಮಾಧಾನ ಆಗೂಮಟ ಇರ್ಲಿ.”

ಅಕ್ಷರ ಬಾರದ ಅವಳು ಬಿಟ್ಟದ್ದನ್ನು ಕಾಯಿದೆ ಓದಿದ ನೀವು ಹಿಡಿದಿರಿ. ಸತ್ತವನ ಹೆಂಡತಿ ಏನು ಧರಿಸಬೇಕೆಂದು ಹೇಳುವ ಮಠಾಧಿಪತಿಯಾಗಿ ನಿಮಗೆ ಬಡ್ತಿ ಸಿಕ್ಕಿದ್ದು ಯಾವಾಗ? ಧರ್ಮದ ಬಗ್ಗೆ ಅಷ್ಟು ಕಾಳಜಿ ಇದ್ದರೆ ನನ್ನ ಬಳೆ, ಕುಂಕುಮಗಳ ಮಾತೇಕೆ ನೋಟೀಸಿನಲ್ಲಿಲ್ಲ? ಕುಂಕುಮಕ್ಕೆ ಹರಾಜಿನಲ್ಲಿ ಗಿರಾಕಿ ಇಲ್ಲವೆಂದೇ?

ನೋಟೀಸು ಹಿಂತೆಗೆದುಕೊಳ್ಳಿ. ಇಲ್ಲವಾದರೆ ಹದಿನಾರನೇ ದಿನ ನೀವೇ ಬನ್ನಿ. ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಇಡೀ ಪೇಟೆಯ ಎದುರು ಕೂತಿರುತ್ತೇನೆ. ನಮ್ಮಲ್ಲಿ ತಾಳಿ ಬಿಚ್ಚುವ ಕೆಲಸ ವಿಧವೆಯರದು. ನಿಮ್ಮ ಹೆಂಡತಿಯವರನ್ನು ಕಳಿಸಿ ಎಂದು ನಾನು ಬರೆಯುವುದಿಲ್ಲ. ಆ ಅರ್ಹತೆ ಅವರಿಗೆ ಬರುವುದು ಬೇಡ. ನಿಮ್ಮ ಕೈಯಿಂದಲೇ ಬಿಚ್ಚಿಕೊಳ್ಳಿ, ಕೊರಳು ಬಗ್ಗಿಸುತ್ತೇನೆ. ಬರುವಾಗ ತಕ್ಕಡಿ ಮರೆಯಬೇಡಿ. ನಮ್ಮದನ್ನು ಆಗಲೇ ಒಯ್ದಿದ್ದೀರಿ.

ಇಂತಿ,
ನಿಮ್ಮ ಪಟ್ಟಿಯ ಹನ್ನೊಂದನೇ ವಸ್ತುವನ್ನು ಇನ್ನೂ ಧರಿಸಿರುವ,
ಜಂಟಿ ಅರ್ಜಿದಾರರಲ್ಲಿ ಉಳಿದವಳು,
ಮಹಾದೇವಕ್ಕ
ವಾಳಪೈ