ಹಾಲಿನ ಹೊತ್ತಿಗೆ ಗ್ರಾಮಸಭೆ

ಜನವರಿ 21, ಮಂಗಳವಾರ

ಹಳೆಯ ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟು ವರ್ಷ ನಮ್ಮ ಗ್ರಾಮಸಭೆ ನಡೆಯುತ್ತಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಊರೆಲ್ಲ ಹೊಲಕ್ಕೂ ಫ್ಯಾಕ್ಟರಿಗೂ ಹೋದ ಮೇಲೆ. ಊರ ದನ ಮೇಯುತ್ತಿದ್ದ ಕೆರೆಯಂಚಿನ ಗೋಮಾಳ ನಮ್ಮ ಕೈಬಿಟ್ಟು ಹೋದದ್ದೂ ಹಾಗೆಯೇ. ಖಾಲಿ ಕುರ್ಚಿಗಳ ಮುಂದೆ 'ಯಾರ ಆಕ್ಷೇಪವೂ ಇಲ್ಲ' ಅಂದುಬಿಟ್ಟರು.

ಈ ಸಲ ಗುಂಡುತೋಪಿನ ಸರದಿ. ಮರ ಕಡಿದು ಲಾರಿ ನಿಲ್ಲಿಸಲು ಜಾಗ ಮಾಡುವುದಂತೆ. ನಾನು ಅರ್ಜಿ ಕೊಟ್ಟೂ ಕೊಟ್ಟೂ ಸಭೆಯನ್ನು ಇವತ್ತು ಸಂಜೆ ಹಾಲಿನ ಡೈರಿ ಮುಂದೆ ಇಡಿಸಿದೆ. ಹಾಲು ಹಾಕಲು ಬಂದವರೆಲ್ಲ ಕ್ಯಾನು ಹಿಡಿದು ನಿಂತರು.

ಪಂಚಾಯಿತಿ ಅಧ್ಯಕ್ಷ ವಿಜಯ್, "ಎಲ್ರಿಗೂ ಒಪ್ಪಿಗೆ ತಾನೆ?" ಅಂದ.

ಹಾಲು ಹಾಕಲು ಬಂದಿದ್ದ ಮುನಿತಾಯಮ್ಮ ಕ್ಯಾನು ಕೆಳಗಿಟ್ಟರು. "ಅಲ್ಲ ಕಣಪ್ಪಾ, ನಿನ್ನ ಬೀಗರೂಟ ಆಗಿದ್ದು ಆ ನೆರಳಲ್ಲೇ. ನಾಳೆ ನಿನ್ನ ಮಗಳ ಬೀಗರ್ನ ಲಾರಿ ಕೆಳಗೆ ಕೂರಿಸ್ತೀಯಾ?"

ಜನ ಬಿದ್ದುಬಿದ್ದು ನಕ್ಕರು. ವಿಜಯ್‌ಗೂ ನಗು ತಡೆಯಲಿಲ್ಲ. ಮರ ಕಡಿಯುವುದು ಬೇಡ ಅನ್ನುವವರು ಕೈ ಎತ್ತಿ ಅಂದಾಗ ಹೆಚ್ಚುಕಡಿಮೆ ಎಲ್ಲ ಕೈಗಳೂ ಎದ್ದವು. ತೋಪು ಉಳಿಯಿತು. ಕಾನೂನಿನ ಕಲಮುಗಳನ್ನೆಲ್ಲ ಉರುಹೊಡೆದು ಹೋಗಿದ್ದ ನಾನು ಬಾಯಿ ತೆರೆಯಬೇಕಾಗಲೇ ಇಲ್ಲ.

ಮುಂದಿನ ಸಭೆಯೂ ಅಲ್ಲೇ, ಅದೇ ಹೊತ್ತಿಗೆ ಎಂದು ವಿಜಯ್ ತಾನೇ ಹೇಳಿದ. ಗೋಮಾಳದ ವಿಷಯ ಎತ್ತಲೇಬೇಕು. ನಾನಲ್ಲ, ಮುನಿತಾಯಮ್ಮನೇ ಎತ್ತಿದರೆ ಚೆನ್ನ. ನಾಳೆ ಬೆಳಿಗ್ಗೆ ಹಾಲು ಹಾಕಲು ಬಂದಾಗ ಅವರನ್ನು ಕೇಳಿನೋಡುತ್ತೇನೆ.