ಕುಕ್ಕರ್ ಕೂಗುವ ಮೊದಲೇ

ಮೇ 14, ಗುರುವಾರ

ನಾಳೆ ಫೋನಿನಲ್ಲೇ ಪರೀಕ್ಷೆ. ನೆಟ್‌ವರ್ಕ್ ಕೈಕೊಟ್ಟರೆ ಮತ್ತೆ ಓದು ನಿಂತೇಹೋಗುತ್ತದೆಂದು ಬೆಳಗಿನಿಂದ ಹತ್ತು ಸಲ ಸಿಗ್ನಲ್ ನೋಡಿದ್ದೇನೆ. ಒಮ್ಮೆ ಶಾಲೆ ಬಿಟ್ಟವಳು ನಾನು. ತಡವಾಗಿ ಕಾಲೇಜು ಸೇರಿದ್ದಕ್ಕೇ ಗೆಳತಿಯರಿಗೆ ‘ಅಜ್ಜಿ’.

ಲಾಕ್‌ಡೌನ್ ಶುರುವಾದಾಗಿನಿಂದ ಸಂಜೆ ನಾವು ನಾಲ್ವರು ಗೆಳತಿಯರೂ ಫೋನಿನಲ್ಲಿ ಸೇರುತ್ತೇವೆ. ಸರದಿ ಬಂದವಳು ಕುಕ್ಕರ್ ಇಟ್ಟು, ಅದು ಕೂಗುವವರೆಗೆ ಗೋಳು ಹೇಳಿಕೊಳ್ಳಬಹುದು, ಅಳಬಹುದು. ಕೂಗಿದ ಮೇಲೆ ಬಾಯಿ ಮುಚ್ಚಬೇಕು. ನನ್ನ ಗೋಳು ಯಾವತ್ತೂ ಅಷ್ಟರೊಳಗೆ ಮುಗಿದದ್ದಿಲ್ಲ.

ಇವತ್ತು ನನ್ನ ಸರದಿ. ಪರೀಕ್ಷೆಯ ಭಯವನ್ನೆಲ್ಲ ಹೇಳಿ ನೋಡುತ್ತೇನೆ, ಇನ್ನೇನೂ ಉಳಿದಿಲ್ಲ! ಕುಕ್ಕರ್ ಇನ್ನೂ ತೆಪ್ಪಗಿದೆ.

“ಅಷ್ಟೇನಾ ಅಜ್ಜಿ? ಜ್ವರಗಿರ ಬಂತೇನೇ?” ಎಂದಳು ನಮ್ಮ ಬಾಯಿಬಡುಕಿ.

“ಮುಗೀತು ಕಣ್ರೇ, ಗೆದ್ದೆ!” ಎಂದೆ.

ಕುಕ್ಕರ್ ಕೂಗುವವರೆಗೂ ನಾಲ್ವರೂ ನಕ್ಕೆವು.

ನಾಳೆ ಬರೆದೇ ಬರೆಯುತ್ತೇನೆ. ಫೋನ್ ಚಾರ್ಜಿಗೆ ಹಾಕಿದ್ದೇನೆ. ಸ್ವಿಚ್ ಒತ್ತಿದೆನಲ್ಲ? ತಡಿ, ಒಮ್ಮೆ ನೋಡಿ ಬರುತ್ತೇನೆ...