ರಕ್ತ ನಿಜ ಹೇಳಲಿ

9 ಫೆಬ್ರವರಿ, ಸೋಮವಾರ

ನಾನು ಗುರುಬಾಯಿ. ಎಸ್ಸೆಸ್ಸೆಲ್ಸಿ ಪಾಸು. ಮುಂಬೈ ದಹಿಸರ್‌ನ ಈ ಚಾಳಿನಲ್ಲಿ ಖಾನಾವಳಿ ನಡೆಸುವವಳು. ಊರ ಕಡೆಯಿಂದ ದುಡಿಯಲು ಬಂದವರು ನನ್ನನ್ನು ಕೇಳದೆ ಮಗಳ ಮದುವೆ ಗೊತ್ತುಮಾಡುವುದಿಲ್ಲ. ಮನೆಯಲ್ಲಂತೂ ನನ್ನದೇ ಕೊನೆಯ ಮಾತು.

ರೊಟ್ಟಿ ಬಡಿಯಲು ಕೂರುವ ಮೊದಲು ಮಗ ಅನಿಲಕುಮಾರನ ಗುಳಿಗೆ. ಲಿವರ್ ಬದಲಾಯಿಸಿದಾಗಿನಿಂದ ನಾನೇ ಅಂಗೈಗೆ ಹಾಕುತ್ತೇನೆ. ನೋಡದೆ ನುಂಗುತ್ತಾನೆ. ಲಿವರಿನ ತುಂಡು ಕೊಟ್ಟವಳು ಸೊಸೆ ಮಹಾದೇವಿ. ಡಬ್ಬಿ ಮಾತ್ರ ನನ್ನ ಹತ್ತಿರ.

ಇವತ್ತು ರಕ್ತ ಕೊಟ್ಟು ಬಂದ ಮೇಲೆ ಗುಳಿಗೆ. ಮೊದಲೇ ನುಂಗಿದರೆ ರಿಪೋರ್ಟ್ ಕೆಡುತ್ತದೆ — ಆಸ್ಪತ್ರೆಯವರೇ ಹೇಳಿದ್ದು.

12 ಫೆಬ್ರವರಿ, ಗುರುವಾರ

ಲಿವರಿನ ಅಂಕಿ ಏರಿದೆಯಂತೆ. ಹೆಪಟೈಟಿಸ್ ಸಿ ಇದ್ದೀತೆಂದು ಆಂಟಿಬಾಡಿ ಟೆಸ್ಟ್ ಮಾಡಿದ್ದರು. ನೆಗೆಟಿವ್! ನಾನು ಕೈ ಮುಗಿದೆ. ಡಾಕ್ಟರ್ ನಗಲಿಲ್ಲ. ಮೈ ಹೊಸ ಲಿವರನ್ನು ತಿರಸ್ಕರಿಸದಿರಲೆಂದು ಈ ಗುಳಿಗೆ ಮೈಯ ಕಾವಲನ್ನು ಮಲಗಿಸುತ್ತದಂತೆ. ಆಗ ಆಂಟಿಬಾಡಿಯೇ ಹುಟ್ಟದೆ, ವೈರಸ್ ಇದ್ದರೂ ಟೆಸ್ಟ್ ಇಲ್ಲವೆನ್ನಬಹುದು. ಮುಂದಿನ ಗುರುವಾರ ವೈರಸ್ಸನ್ನೇ ಹುಡುಕುವ ಟೆಸ್ಟ್.

ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಮಹಾದೇವಿ ಶುರುಮಾಡಿದಳು.

"ಅತ್ತೀ, ಗುಳಿಗಿ ಚೀಟಿ ನನಗೂ ಒಂದೀಟ ತೋರಸ್ರಿ."

"ಯಾಕ, ನನಗ ಓದಾಕ ಬರೂದಿಲ್ಲೇನ?"

"ಹೊಟ್ಟಿ ಕೊಯ್ದು ಕೊಟ್ಟೀನ್ರಿ. ಕೇಳಾಕೂ ಹಕ್ಕಿಲ್ಲೇನ್ರಿ?"

"ಕೊಟ್ಟದ್ದು ನಿನ್ನ ಗಂಡಗ. ನನಗೇನಲ್ಲ."

ಅನಿಲ ನಕ್ಕ. "ಹಂಚ್ಕೊಂಡ್ಬಿಡ್ರಿ ನನ್ನ. ಹೆಂಗೂ ಹೊಲಿಗಿ ಹಾಕಿದ ಜಾಗಾ ಐತಿ."

13 ಫೆಬ್ರವರಿ, ಶುಕ್ರವಾರ

ಹಿಟ್ಟು ನಾದುವಾಗಲೂ ಅದೇ ಯೋಚನೆ. ಒಂದು ಹೊತ್ತಿನ ಗುಳಿಗೆ ರಿಪೋರ್ಟ್ ಕೆಡಿಸುವುದಾದರೆ, ಇಷ್ಟು ತಿಂಗಳು ನುಂಗಿದ್ದು ರಕ್ತದಲ್ಲಿ ಕೂತು ಏನು ಮಾಡದು? ಕಾವಲುಗಾರನನ್ನು ಮಲಗಿಸಿ ಕಳ್ಳ ಬಂದನೇ ಎಂದು ಕೇಳಿದರೆ ಯಾರು ಹೇಳಬೇಕು? ಇಷ್ಟು ಓದಿದ ಡಾಕ್ಟರಿಗೆ ಇದು ಹೊಳೆಯಲಿಲ್ಲ...

ಊಟಕ್ಕೆ ಬರುವ ಸಾಯಬಣ್ಣ ಇವತ್ತು ಕೇಳಿಯೇಬಿಟ್ಟ — "ಅಕ್ಕಾರ, ಅನಿಲನ ತಾಟ ಬ್ಯಾರೆ ತೊಳೀತೀರಿ ಹೌದಲ್ರಿ?" ನನ್ನ ಪಂಕ್ತಿಯಲ್ಲಿ ಕೂತು ನನಗೇ ಈ ಮಾತು. ಇನ್ನು ಇರಬಹುದು, ಇಲ್ಲದಿರಬಹುದು ಎನ್ನುವ ರಿಪೋರ್ಟ್ ಬೇಡ. ಇದೆ, ಇಲ್ಲ — ಎರಡರಲ್ಲೊಂದು.

18 ಫೆಬ್ರವರಿ, ಬುಧವಾರ, ಸಂಜೆ

ಆಪರೇಷನ್ ಆದಾಗಿನಿಂದ ಅನಿಲನಿಗಿದ್ದ ಕೈನಡುಕ ನಿಂತಿದೆ. ಮಹಾದೇವಿಗೆ ಸಂತೋಷ. "ಗುಳಿಗಿ ಮೈಗೆ ಹೊಂದೇತಿ ನೋಡ್ರಿ ಅತ್ತಿ." ನಾನು ಡಬ್ಬಿ ಮುಚ್ಚಿ ಮೇಲಿಟ್ಟೆ.

ಮಧ್ಯಾಹ್ನದಿಂದ ಜ್ವರ. ಊಟ ಬೇಡವೆಂದ. ಕಣ್ಣು ಹಳದಿಯಾಗಿದೆ ಎನ್ನುತ್ತಾಳೆ ಅವಳು. ಟ್ಯೂಬ್‌ಲೈಟ್ ಹಳೆಯದು.

"ಈಗ ರಿಕ್ಷಾ ತರತೀನ್ರಿ. ದವಾಖಾನಿಗೆ ಹೋಗೂಣು."

"ನಾಳೆ ಹೆಂಗೂ ರಕ್ತಾ ಕೊಡಾಕ ಹೋಗೂದೈತಿ. ಸುಮ್ನ ಕೂಡು."

ಕೂತಿದ್ದಾಳೆ, ಅವನ ಕಾಲ ಬಳಿ.

ಈಗ ಕೈಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ನಾಳೆಯ ರಕ್ತದಲ್ಲಿ ಯಾವ ಮರೆಯೂ ಇರುವುದಿಲ್ಲ. ಕಾವಲನ್ನು ಮಲಗಿಸುವ ಆ ಗುಳಿಗೆಯನ್ನು ಶುಕ್ರವಾರ ಸಂಜೆಯೇ ನಿಲ್ಲಿಸಿದೆ. ಅವತ್ತಿನಿಂದ ಕೊಡುತ್ತಿರುವುದು ವಿಟಮಿನ್.